ಹದಿನಾಲ್ಕನೇ ಸೀಟು

ಆ ಹಳದಿ ಸ್ಟಿಕ್ಕರ್‌ಗಳನ್ನ ಅಂಟಿಸಿದ್ದು ನಾನೇ. ಒಂದರಿಂದ ಮೂವತ್ತೆಂಟರ ತನಕ, ಒಂದೊಂದು ಮಾನಿಟರ್ ತಲೆ ಮೇಲೆ ಒಂದೊಂದು, ಅಂಗೈ ಅಗಲದ ನಂಬರ್ರು, ಹಾಲ್‌ನ ಆ ತುದೀಲಿ ನಿಂತ್ರೂ ಓದೋಕಾಗ್ಬೇಕು ಹಾಗೆ. ಕೆಲಸಕ್ಕೆ ಸೇರಿದ ಮೊದಲನೇ ವಾರ ನನಗೆ ಸಿಕ್ಕಿದ ಮೊದಲನೇ ಕೆಲಸ ಅದು. ಸ್ಕೇಲ್ ಇಟ್ಟು ಅಳೆದು, ಗುಳ್ಳೆ ಏಳದ ಹಾಗೆ ಬಟ್ಟೆಯಿಂದ ಒತ್ತಿ ಒತ್ತಿ ಅಂಟಿಸಿದ್ದೆ. ಹದಿನಾಲ್ಕನೇದು ಅಂಟಿಸುವಾಗ ಚಿಕ್ಕಮ್ಮ ಹೆಡ್‌ಸೆಟ್ ತೆಗೆದು, "ಏನೇ, ನನ್ನ ಮೇಜಿಗೆ ಬಸ್ಸಿನ ಬೋರ್ಡ್ ಹಾಕ್ತಿದ್ಯಾ?" ಅಂತ ನಕ್ಕಿದ್ಲು.

ಇದನ್ನ ಯಾಕೆ ಮೊದಲೇ ಹೇಳ್ತಿದ್ದೀನಿ ಅಂದ್ರೆ, ಆಫೀಸಲ್ಲಿ ಈಗ್ಲೂ ಕೆಲವರು "ಪಾಪ, ಅದು ಸಿಸ್ಟಮ್ ಮಾಡಿದ ಎಡವಟ್ಟು" ಅಂತಾರೆ. ಅಲ್ಲ. ಸಿಸ್ಟಮ್ ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತು. ಎಡವಟ್ಟು ಪೂರ್ತಿ ನಂದೇ.

ನಮ್ದು ರಿಪೇರಿ ಕಂಪನಿ. ಯಾರ ಮನೇಲಾದ್ರೂ ವಾಷಿಂಗ್ ಮಷೀನ್ ನೀರು ಕಕ್ಕಿದ್ರೆ, ಫ್ರಿಜ್ ಗೊರಗೊರ ಅಂದ್ರೆ ನಮಗೆ ಫೋನ್ ಮಾಡ್ತಾರೆ, ನಮ್ಮೋರು ದೂರು ಬರ್ಕೊಂಡು ಮೆಕ್ಯಾನಿಕ್ ಕಳಿಸ್ತಾರೆ. ಫೋನ್ ಎತ್ತೋರೇ ಮೂವತ್ತು ಜನ. ಅವರಲ್ಲಿ ಎಲ್ಲರಿಗಿಂತ ಹಳಬಳು ನನ್ನ ಚಿಕ್ಕಮ್ಮ, ಅಂದ್ರೆ ನಮ್ಮಮ್ಮನ ತಂಗಿ. ಹದಿನಾರು ವರ್ಷ ಆಯ್ತು. "ಆ ನಿಧಾನವಾಗಿ ಮಾತಾಡ್ತಾರಲ್ಲ, ಅವ್ರಿಗೇ ಕೊಡಿ" ಅಂತ ಹುಡುಕ್ಕೊಂಡು ಫೋನ್ ಮಾಡೋ ಗಿರಾಕಿಗಳಿದ್ದಾರೆ. ಯಾಕಂದ್ರೆ ಅವಳದ್ದೊಂದು ವಿದ್ಯೆ ಇತ್ತು: "ಸ್ವಲ್ಪ ಫೋನನ್ನ ಮಷೀನ್ ಹತ್ರ ಹಿಡೀರಿ" ಅಂತಿದ್ಲು, ಸದ್ದು ಕೇಳ್ತಿದ್ಲು, ಬೇರಿಂಗ್ ಹೋಗಿದ್ಯಾ ಬೆಲ್ಟ್ ಹೋಗಿದ್ಯಾ ಅಂತ ಅಲ್ಲಿಂದಾನೇ ಹೇಳ್ಬಿಡ್ತಿದ್ಲು. ಮೆಕ್ಯಾನಿಕ್‌ಗಳು ಅವಳು ಹೇಳಿದ ಪಾರ್ಟ್ ಒಂದನ್ನೇ ಬ್ಯಾಗಿಗೆ ಹಾಕ್ಕೊಂಡು ಹೊರಡ್ತಿದ್ರು. ಈಚೆಗೆ ಎರಡು ಮೂರು ಸಲ ಅವಳು ಹೇಳಿದ್ದು ತಪ್ಪಾಗಿ ಮೆಕ್ಯಾನಿಕ್‌ಗಳು ಬರಿಗೈಲಿ ವಾಪಸ್ ಬಂದಿದ್ರು. ನಾನು ಅದನ್ನ ಕೇಳಿಸ್ಕೊಂಡಿದ್ದೆ. ಕೇಳಿಸ್ಕೊಂಡು ಸುಮ್ನಿದ್ದೆ.

ನನಗೆ ಈ ಕೆಲಸ ಸಿಕ್ಕಿದ್ದೇ ಅವಳ ಮಾತಿನ ಮೇಲೆ. ಇರೋದೂ ಅವಳ ಮನೇಲೇ. ಚಿಕ್ಕಪ್ಪ ಲಾರಿ ಓಡಿಸ್ತಾರೆ, ವಾರಕ್ಕೆ ಎರಡು ದಿನ ಕಂಡ್ರೆ ಹೆಚ್ಚು. ಹಾಗಾಗಿ ಮನೇಲಿ ನಾನು, ಅವಳು, ಒಂದು ಟಿವಿ. ಟಿವಿ ಸೌಂಡು ದಿನೇದಿನೇ ಏರ್ತಾ ಇತ್ತು. "ಚಿಕ್ಕಮ್ಮ, ಕಿವೀಲಿ ಕಾಗೆ ಗೂಡು ಕಟ್ಟಿದ್ಯಾ?" ಅಂತ ನಾನು ರೇಗಿಸ್ತಿದ್ದೆ. "ನಿನ್ನ ಬಾಯೊಂದಿದ್ರೆ ಸಾಕು, ಕಾಗೆ ತಾನಾಗೇ ಹಾರ್ಹೋಗುತ್ತೆ. ಸುಮ್ನಿರೇ ಗಿರಗಿಟ್ಲೆ" ಅಂತಿದ್ಲು. ಗಿರಗಿಟ್ಲೆ ಅನ್ನೋದು ಅವಳು ನನಗಿಟ್ಟ ಹೆಸರು. ನಿಂತಲ್ಲಿ ನಿಲ್ಲಲ್ಲ, ಕೂತಲ್ಲಿ ಕೂರಲ್ಲ ಅಂತ.

ಈಗ ಕೆಲಸದ ವಿಷಯಕ್ಕೆ ಬರ್ತೀನಿ. ಬೇಸಿಗೇಲಿ ಒಬ್ರು ಯಾವುದೋ ಬಿಲ್ಲು ಅಂತ ತಿಳ್ಕೊಂಡು ಒಂದು ಫೈಲ್ ಇಳಿಸ್ಕೊಂಡ್ರು. ಅದು ಬಿಲ್ಲಲ್ಲ, ವೈರಸ್ಸು. ಮೂರು ದಿನ ಇಡೀ ಆಫೀಸ್ ಪೆನ್ನು ಪೇಪರ್ ಹಿಡ್ಕೊಂಡು ಕೂತಿತ್ತು. ಮ್ಯಾನೇಜರ್ ಸರ್ ಅವತ್ತೇ ಹೇಳಿದ್ರು, ಇನ್ಮೇಲೆ ಯಾರ ಬ್ರೌಸರ್‌ನಲ್ಲಿ ಏನು ಅಪಾಯ ಆದ್ರೂ ತಕ್ಷಣ ಗೊತ್ತಾಗ್ಬೇಕು ಅಂತ. ಕಂಪ್ಯೂಟರ್ ವಿಭಾಗ ಅಂದ್ರೆ ಇಬ್ಬರೇ, ನಮ್ಮ ಸೀನಿಯರ್ ಮತ್ತು ನಾನು. ಸೀನಿಯರ್ ಫೈಲನ್ನ ನನ್ನ ಕಡೆ ತಳ್ಳಿ, "ತಗೋ ಮಹಾರಾಯ್ತಿ, ನೀನೇ ಮಾಡು" ಅಂದ್ರು. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ!

ಕೆಲಸ ಏನು ಅಂದ್ರೆ ಇಷ್ಟೇ. ಆಫೀಸಿನ ಬ್ರೌಸರ್‌ನಲ್ಲಿ ಏನೇ ನಡೆದ್ರೂ ಒಂದು ಸಾಲು ದಾಖಲೆ ಆಗುತ್ತೆ: ಯಾವ ಸೀಟು, ಎಷ್ಟು ಗಂಟೆ, ಯಾವ ಸೈಟು, ಏನು ಮಾಡಿದ್ರು. ಅದಕ್ಕೆ ಲಾಗ್ ಅಂತಾರೆ. ಈ ಸಾಲುಗಳೆಲ್ಲ ಗಂಟು ಕಟ್ಕೊಂಡು ಕೆಲವು ನಿಮಿಷಕ್ಕೊಂದ್ಸಲ ಕ್ಲೌಡ್‌ನಲ್ಲಿರೋ ಒಂದು ಸ್ಟೋರೇಜ್‌ಗೆ ಹೋಗಿ ಬೀಳುತ್ವೆ. ಆ ಸ್ಟೋರೇಜ್‌ಗೆ ನಮ್ಮ ಭಾಷೇಲಿ ಬಕೆಟ್ ಅಂತಾನೇ ಹೆಸರು. ಇನ್ನೊಂದು ಕಡೆ ಸೆಕ್ಯುರಿಟಿ ಪ್ಲಾಟ್‌ಫಾರ್ಮ್ ಇರುತ್ತೆ, ನಾವಿಬ್ರೂ ಅದನ್ನ ವಾಚ್‌ಮನ್ ಅಂತಿದ್ವಿ. ಅದು ಬಕೆಟ್‌ನಿಂದ ಎತ್ಕೊಂಡು ಓದಿ, ಏನಾದ್ರೂ ಅನುಮಾನ ಬಂದ್ರೆ ಕೆಂಪು ಗೆರೆ ಹಾಕಿ ಕೂಗುತ್ತೆ. ಬ್ರೌಸರ್‌ನಿಂದ ಬಕೆಟ್‌ಗೆ, ಬಕೆಟ್‌ನಿಂದ ವಾಚ್‌ಮನ್‌ಗೆ. ಮೊದಲನೇ ಸಾಲು ಆ ಕಡೆ ಹೋಗಿ ತಲುಪಿದಾಗ ನಾನು ಕುರ್ಚಿ ಮೇಲೆ ಹತ್ತಿ ಕುಣಿದಿದ್ದೆ.

ಹದಿನೈದನೇ ಸೀಟಿನ ಅಕ್ಕ ಬಾಯಿ ಸುಮ್ನೆ ಇಟ್ಕೊಳ್ಳೋರಲ್ಲ. "ಏನಮ್ಮಾ, ಸೇರಿ ಆರು ತಿಂಗಳಾಗಿಲ್ಲ, ಆಗ್ಲೇ ಮ್ಯಾನೇಜರ್‌ಗೆ ಬಕೆಟ್ ಹಿಡಿಯೋಕೆ ಶುರು ಮಾಡಿದ್ಯಾ?" ಅಂದ್ರು. ಎಲ್ಲರೂ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ.

ಸೀನಿಯರ್ ನನಗೆ ಎರಡೇ ಮಾತು ಹೇಳಿದ್ರು. ಒಂದು: "ಎಲ್ಲಾನೂ ತಗೋಬೇಡ. ಕೆಟ್ಟ ಫೈಲು, ಕೆಟ್ಟ ಸೈಟು, ಹೊರಗೆ ಹೋಗೋ ಕಡತ, ಇಷ್ಟು ಸಾಕು. ಜನ ಏನೇನು ಹುಡುಕ್ತಾರೆ, ಎಲ್ಲೆಲ್ಲಿ ಹೋಗ್ತಾರೆ ಅನ್ನೋದು ನಮಗೆ ಬೇಡ." ಇನ್ನೊಂದು: "ಹೆಸರು ಕಾಣದ ಹಾಗೆ ಮಾಡು."

ಸೆಟ್ಟಿಂಗ್ ಪುಟದಲ್ಲಿ ಹನ್ನೆರಡು ಚೌಕ ಇದ್ವು. ಟಿಕ್ ಹಾಕಿದ್ದಷ್ಟೇ ಬಕೆಟ್‌ಗೆ ಹೋಗುತ್ತೆ. ನಾನು ಹನ್ನೆರಡಕ್ಕೂ ಹಾಕ್ದೆ. ಬೇಡ ಅಂದ್ರೆ ಆಮೇಲೆ ತೆಗೆದ್ರಾಯ್ತು ಅಂತ. ಅದು ನೆಪ. ನಿಜ ಏನಂದ್ರೆ, ಸಾಲುಗಳು ಜಲಪಾತದ ಥರ ಸುರೀತಿರೋದನ್ನ ನೋಡೋಕೆ ನನಗೆ ಖುಷಿ ಆಗ್ತಿತ್ತು. ನಾಲ್ಕು ಚೌಕಕ್ಕೆ ಹನಿಹನಿ ಬರ್ತಿತ್ತು, ಹನ್ನೆರಡಕ್ಕೆ ಧೋ ಅಂತ ಬರ್ತಿತ್ತು. ಜೊತೆಗೆ ಒಂದು ಬೀಗಾನೂ ಹಾಕ್ದೆ: ಬಕೆಟ್‌ಗೆ ಬಿದ್ದದ್ದನ್ನ ತೊಂಬತ್ತು ದಿನ ಯಾರೂ ಅಳಿಸೋ ಹಾಗಿಲ್ಲ, ನಾನೂ ಅಳಿಸೋ ಹಾಗಿಲ್ಲ, ತೊಂಬತ್ತು ತುಂಬಿದ್ಮೇಲೆ ತಾನಾಗೇ ಅಳಿಸಿಹೋಗುತ್ತೆ. ಕಳ್ಳ ಒಳಗೆ ಬಂದ್ರೆ ಮೊದಲು ಹೆಜ್ಜೆಗುರುತು ಅಳಿಸ್ತಾನೆ ಅಂತ ಎಲ್ಲೋ ಓದಿದ್ದೆ. ಹೆಸರಿನ ಬದಲು ಸೀಟ್ ನಂಬರ್ ಬರೋ ಹಾಗೆ ಮಾಡ್ದೆ. ಹೆಸರು ಮುಚ್ಚಿದೆ ಅಂತ ಬೆನ್ನು ತಟ್ಕೊಂಡೆ. ಹಾಲ್ ತುಂಬ ನನ್ನ ಕೈಯಾರೆ ಅಂಟಿಸಿದ ಹಳದಿ ನಂಬರ್‌ಗಳು ನಗ್ತಿದ್ವು. ಅದು ನನ್ನ ತಲೆಗೆ ಹೊಳೀಲೇ ಇಲ್ಲ.

ಒಂದಿನ ಸಂಜೆ ಬಟ್ಟೆ ಮಡಿಸ್ತಾ ಚಿಕ್ಕಮ್ಮ ಕೇಳಿದ್ಲು. "ಅದೇನೇ ನೀನು ಮಾಡ್ತಿರೋದು? ನೋಟಿಸ್ ಬೋರ್ಡ್‌ನಲ್ಲಿ ಏನೋ ಹಾಕಿದ್ದಾರೆ, ಸುರಕ್ಷತೆ ಗಿರಕ್ಷತೆ ಅಂತ."

ನಾನು ಬಕೆಟ್ಟು, ವಾಚ್‌ಮನ್ನು ಎಲ್ಲಾ ಕೈ ಆಡಿಸ್ಕೊಂಡು ವಿವರಿಸಿದೆ.

"ಹಾಗಾದ್ರೆ ನಾವು ಏನೇನು ನೋಡ್ತೀವೋ ಎಲ್ಲಾ ಕಾಣುತ್ತಾ?"

ಆ ಪ್ರಶ್ನೇನ ಅವಳು ದಿಂಬಿನ ಕವರ್ ಮಡಿಸ್ತಾ ಮಡಿಸ್ತಾ, ನನ್ನ ಮುಖ ನೋಡ್ದೆ ಕೇಳಿದ್ಲು. ನನಗೆ ಈಗ ಆ ಕವರ್‌ನ ಹೂವಿನ ಬಣ್ಣ ಸಮೇತ ನೆನಪಿದೆ. ಆಗ ನಾನು ಬಾಯಿಗೆ ಬಂದಿದ್ದು ಹೇಳ್ದೆ.

"ಅಯ್ಯೋ ಇಲ್ಲಪ್ಪ! ಕೆಟ್ಟ ಸೈಟು, ಕೆಟ್ಟ ಫೈಲು ಅಷ್ಟೇ. ನೀನು ನೋಡೋದನ್ನ ಯಾರು ಚಿಕ್ಕಮ್ಮ ನೋಡ್ತಾರೆ?"

ಹೇಳುವಾಗ ಹನ್ನೆರಡೂ ಟಿಕ್ ಹಾಗೇ ಇದ್ವು. ಗೊತ್ತಿದ್ದೂ ಹೇಳ್ದೆ. ಮೋಸ ಮಾಡೋಣ ಅಂತಲ್ಲ, ನಿಜ ಹೇಳಿದ್ರೆ ಉದ್ದ ಆಗುತ್ತೆ ಅಂತ. ಟಿವೀಲಿ ಸೀರಿಯಲ್ ಶುರುವಾಗೋದ್ರಲ್ಲಿತ್ತು.

ಅವಳು "ಸರಿ ಬಿಡು" ಅಂದ್ಲು.

ಮೂರು ವಾರ ಆದ್ಮೇಲೆ ಡೆಮೊ. ಮ್ಯಾನೇಜರ್ ಸರ್ ಎಲ್ಲರನ್ನೂ ಮೀಟಿಂಗ್ ಹಾಲ್‌ಗೆ ಕರೆದ್ರು, ಜನ ಕಣ್ಣಾರೆ ನೋಡಿದ್ರೆ ಹುಷಾರಾಗಿರ್ತಾರೆ ಅಂತ. ಸೀನಿಯರ್ ಮುಂಚೇನೇ ಹೇಳಿದ್ರು, "ತೋರಿಸೋಕೆ ಸುಳ್ಳು ಡೇಟಾ ಹಾಕ್ಕೋ." ಹಾಕ್ಕೊಂಡೂ ಇದ್ದೆ. ಆದ್ರೆ ಅದು ಸಪ್ಪೆ ಇತ್ತು. ಬೆಳಗ್ಗೆ ನೋಡಿದ್ರೆ ನಿಜವಾದದ್ದರಲ್ಲಿ ಒಂದು ಕೆಂಪು ಗೆರೆ, ಹೊಸದು, ಹಿಂದಿನ ದಿನದ್ದು: ಆಫೀಸಿಂದ ಹೊರಗಿನ ಸೈಟಿಗೆ ಕಡತ ಹೋಗಿದೆ! ಸೀಟ್ ನಂಬರ್ ಕಡೆ ಕಣ್ಣೂ ಹಾಯಿಸ್ಲಿಲ್ಲ. ವಾಚ್‌ಮನ್ ಹಿಡಿದಿದ್ದಾನೆ, ಅಷ್ಟೇ ನನಗೆ ಬೇಕಾಗಿದ್ದು.

ಚಿಕ್ಕಮ್ಮ ಮೂರನೇ ಸಾಲಲ್ಲಿ ಗೋಡೆ ಕಡೆ ಕೂತಿದ್ಲು. ಅವಳ ಬಲಗಡೆ ಗರಗರ ಅನ್ನೋ ಏಸಿ. ಕನ್ನಡಕ ಮೇಜಿನ ಮೇಲೇ ಬಿಟ್ಟು ಬಂದಿದ್ಲು. ನಾನು ಮುಂದೆ ಬಂದು ನಿಂತ ತಕ್ಷಣ ಪಕ್ಕದೋರಿಗೆ ಏನೋ ಹೇಳಿದ್ಲು. "ನಮ್ಮಕ್ಕನ ಮಗಳು" ಅಂತಾನೇ ಇರ್ಬೇಕು.

ಶುರು ಮಾಡ್ದೆ ನೋಡಿ, ಬ್ರೇಕ್ ಇಲ್ದಿರೋ ಗಾಡಿ ಥರ. ಬಕೆಟ್ಟು, ವಾಚ್‌ಮನ್ನು, ಕೆಂಪು ಗೆರೆ. "ಇಲ್ನೋಡಿ, ನಿನ್ನೆ ಹನ್ನೊಂದು ನಲವತ್ತಕ್ಕೆ ಒಂದು ಕಡತ ಹೊರಗೆ ಹೋಗಿದೆ. ಇದನ್ನ ಒತ್ತಿದ್ರೆ ಆ ಸೀಟಿನೋರು ಅದಕ್ಕಿಂತ ಮುಂಚೆ ಏನೇನು ಹುಡುಕಿದ್ರು ಅಂತಾನೂ ಬರುತ್ತೆ!" ಒತ್ತಿದೆ. ಬಂತು. ಓದಿದೆ, ಜೋರಾಗಿ, ಸಂತೆಯಲ್ಲಿ ಕೂಗೋರ ಥರ.

"ಕಡತದ ಹೆಸರು, ಎಡಗಿವಿ ರಿಪೋರ್ಟ್. ಹುಡುಕಿದ್ದು: ಒಂದು ಕಿವಿ ಕೇಳದಿದ್ದರೆ ಫೋನ್ ಕೆಲಸ ಮಾಡಬಹುದಾ. ಕೂದಲಲ್ಲಿ ಮುಚ್ಚಿಕೊಳ್ಳುವ ಕಿವಿ ಮಷೀನ್. ಕಿವಿ ಪರೀಕ್ಷೆಯಲ್ಲಿ ಪಾಸ್ ಆಗೋದು..."

"ಹೇಗೆ" ಅನ್ನೋ ಕೊನೇ ಶಬ್ದದ ಹೊತ್ತಿಗೆ ನನ್ನ ಕಣ್ಣು ಸೀಟ್ ನಂಬರ್ ಮೇಲೆ ಬಿತ್ತು. ಆದ್ರೂ ಅದು ಬಾಯಿಂದ ಬಿದ್ದೇ ಹೋಯ್ತು. ಪರದೆ ಮೇಲೆ ಎಡಗಡೆ ಮೂಲೇಲಿ, ದಪ್ಪಕ್ಷರದಲ್ಲಿ, 14.

ಫೋನ್ ಎತ್ತೋರಿಗೆ ನಮ್ಮಲ್ಲಿ ವರ್ಷಕ್ಕೊಂದ್ಸಲ ಕಿವಿ ಪರೀಕ್ಷೆ ಇರುತ್ತೆ. ಫೇಲಾದ್ರೆ ಫೋನಿಂದ ಎಬ್ಬಿಸ್ತಾರೆ. ಅದು ಎಲ್ಲರಿಗೂ ಗೊತ್ತು. ಈ ಸಲದ್ದು ಮುಂದಿನ ತಿಂಗಳು ಇತ್ತು. ಹಾಲ್‌ನಲ್ಲಿ ಒಬ್ಬರಾದ್ಮೇಲೆ ಒಬ್ರು ತಲೆ ತಿರುಗಿಸಿ ಮೂರನೇ ಸಾಲಿನ ಗೋಡೆ ಕಡೆ ನೋಡಿದ್ರು.

ಚಿಕ್ಕಮ್ಮನಿಗೆ ಕೇಳಿಸಿರ್ಲಿಲ್ಲ. ನಾನು ನಿಂತಿದ್ದು ಅವಳ ಎಡಕ್ಕೆ, ಬಲಗಿವಿ ಪೂರ್ತಿ ಏಸಿ ಪಾಲು. ಎಲ್ಲರೂ ತನ್ನ ಕಡೆ ನೋಡ್ತಿದ್ದಾರೆ, ನಾನು ಮಾತು ನಿಲ್ಲಿಸಿದ್ದೀನಿ. ಅವಳು ಮುಗೀತು ಅಂದ್ಕೊಂಡ್ಲು. ಮುಖ ಅರಳಿಸ್ಕೊಂಡು ಚಪ್ಪಾಳೆ ತಟ್ಟಿದ್ಲು. ಒಬ್ಳೇ. ಆಮೇಲೆ ಪಾಪ ಇನ್ನೂ ಒಂದಿಬ್ರು ಸೇರ್ಕೊಂಡ್ರು.

ಸೀನಿಯರ್ ಎದ್ದು ಬಂದು ಪರದೆ ಆರಿಸಿದ್ರು.

ಮ್ಯಾನೇಜರ್ ಸರ್ ರಾಕ್ಷಸ ಅಲ್ಲ, ಹಾಗಿದ್ದಿದ್ರೆ ಚೆನ್ನಾಗಿತ್ತು, ಬೈಕೊಂಡು ಆರಾಮಾಗಿರ್ತಿದ್ದೆ. ನನ್ನ ಕರೆದು ಕೂರಿಸಿ ನೀರು ಕೊಟ್ರು. "ಹದಿನಾಲ್ಕರದ್ದು ಎಷ್ಟು ದಿನದ್ದಿದೆ?"

"ಮೂರು ವಾರದ್ದು, ಸರ್."

"ಪೂರ್ತಿ ಪಟ್ಟಿ ತೆಗೆದು ನಾಳೆ ಹತ್ತು ಗಂಟೆಗೆ ಕೊಡು. ತಪ್ಪು ಪಾರ್ಟ್ ಕಳಿಸಿ ಎಷ್ಟು ಸಲ ಗಿರಾಕಿ ಕೈಲಿ ಬೈಸ್ಕೊಂಡಿದ್ದೀವಿ ಗೊತ್ತಾ? ಕಾರಣ ಗೊತ್ತಾಗ್ಬೇಕಲ್ಲಮ್ಮ."

"ಸರ್, ಅವ್ರು ನಮ್ಮ ಚಿಕ್ಕಮ್ಮ."

"ಗೊತ್ತು. ನಿನಗೆ ಕಷ್ಟ ಆದ್ರೆ ಹೇಳು, ಸೀನಿಯರ್ ತೆಗೀತಾರೆ."

ಹೊರಗೆ ಬಂದು ಮೊದಲು ಮಾಡಿದ ಕೆಲಸ ಬಕೆಟ್ ತೆಗೆದು ಹದಿನಾಲ್ಕರ ಸಾಲುಗಳನ್ನ ಅಳಿಸೋಕೆ ಹೋಗಿದ್ದು. ಆಗಲ್ಲ ಅಂತು. ಮತ್ತೆ ಒತ್ತಿದೆ. ಇನ್ನೂ ಅರವತ್ತೊಂಬತ್ತು ದಿನ ಆಗಲ್ಲ ಅಂತು. ನಾನೇ ಹಾಕಿದ ಬೀಗ, ನನಗೇ ಕೀಲಿ ಇಲ್ಲ. ಬೇಡದ ಎಂಟು ಟಿಕ್ ತೆಗೆದೆ. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ಹಿಂದೆ ನಿಂತು ನೋಡ್ತಿದ್ದ ಸೀನಿಯರ್ "ನಾನು ಹೇಳಿದ್ದೆ" ಅಂತ ಒಂದು ಮಾತು ಅಂದಿದ್ರೆ ಅತ್ತುಬಿಡ್ತಿದ್ದೆ. ಅವರು ಅನ್ನಲಿಲ್ಲ. "ಮನೆಗೆ ಹೋಗು. ಮೊದಲು ಅವ್ರಿಗೆ ಹೇಳು. ಬೇರೆ ಯಾರಾದ್ರೂ ಹೇಳೋಕೆ ಮುಂಚೆ" ಅಂದ್ರು.

ಮನೇಲಿ ಚಿಕ್ಕಮ್ಮ ಬೀನ್ಸ್ ನಾರು ತೆಗೀತಾ ಕೂತಿದ್ಲು. ಸಂಜೆ ಬಿಸಿಲು ಅಡುಗೆಮನೆ ನೆಲದ ಮೇಲಿತ್ತು. ಅವಳಿಗೆ ಖುಷಿಯೋ ಖುಷಿ.

"ಬಾರೇ ಗಿರಗಿಟ್ಲೆ! ಏನು ಪಟಪಟ ಮಾತಾಡ್ದೆ! ಕೊನೇಲಿ ಎಲ್ರೂ ತಿರುಗಿ ನನ್ನೇ ನೋಡಿದ್ರು ಕಣೇ, ಇವಳ ಚಿಕ್ಕಮ್ಮ ಅಂತ. ನಿಮ್ಮಮ್ಮನಿಗೆ ಆಗ್ಲೇ ಫೋನ್ ಮಾಡಿ ಹೇಳ್ದೆ."

ನಾನು ಅವಳ ಪಕ್ಕ ಕೂತೆ. ಎಡಗಡೆ ಕೂತೆ. ಗೊತ್ತಿದ್ದೇ ಕೂತೆ. ಒಂದು ಬೀನ್ಸ್ ಕೈಗೆ ತಗೊಂಡು, ತಲೆ ತಗ್ಗಿಸ್ಕೊಂಡು, ಉಸಿರಲ್ಲೇ ಅಂದೆ, "ಚಿಕ್ಕಮ್ಮ, ತಪ್ಪಾಗೋಯ್ತು. ನಿನ್ನ ಕಿವಿ ವಿಷಯ ಎಲ್ರಿಗೂ ಓದಿ ಹೇಳ್ಬಿಟ್ಟೆ."

ಅವಳು ನಾರು ಎಳೆದು ತಟ್ಟೆಗೆ ಹಾಕಿದ್ಲು. "ಇವತ್ತಿನ ಬೀನ್ಸ್ ಎಷ್ಟು ಎಳೇದು ನೋಡು" ಅಂದ್ಲು.

ಹೇಳಿದ್ದೀನಲ್ಲ, ಹೇಳಾಯ್ತಲ್ಲ ಅಂತ ನನಗೆ ನಾನೇ ಅಂದ್ಕೊಂಡೆ. ಇಂಥಾ ಹೇಡಿ ನಾನು. ಮೇಲಿನ ರೂಮಿಗೆ ಹೋಗಿ ಲ್ಯಾಪ್‌ಟಾಪ್ ತೆಗೆದು ಮ್ಯಾನೇಜರ್ ಕೇಳಿದ ಪಟ್ಟಿ ತೆಗೆದೆ. ಎರಡು ನಿಮಿಷ ಹಿಡೀತು. ಇನ್ನೂರ ಹನ್ನೆರಡು ಸಾಲು. ಓದಬಾರ್ದು ಅಂದ್ಕೊಂಡೇ ಓದಿದೆ. ಅದ್ರಲ್ಲಿ ಕಿವಿದು ನಲವತ್ತು ಇರ್ಬಹುದು. ಉಳಿದದ್ದು ಲಾರಿ ಓಡಿಸೋರಿಗೆ ಬೆನ್ನುನೋವು ಬಂದ್ರೆ ಏನು ಮಾಡ್ಬೇಕು. ಸೊಪ್ಪಲ್ಲಿರೋ ಹುಳ ಹೋಗೋದು ಹೇಗೆ. ಆಮೇಲೆ ಒಂದು ಸಾಲು, ಎರಡು ವಾರದ ಹಿಂದಿಂದು: "ಕ್ಲೌಡ್ ಬಕೆಟ್ ಅಂದರೆ ಏನು". ನಾನು ಹೇಳಿದ್ದು ಅವಳಿಗೆ ಅರ್ಥ ಆಗಿರ್ಲಿಲ್ಲ. ನನ್ನ ಕೇಳಿದ್ರೆ ಬೇಜಾರಾಗ್ತಾಳೆ ಅಂತ ಅಲ್ಲಿ ಕೇಳಿದ್ದಾಳೆ. ಮನೇಲಿ ಕಂಪ್ಯೂಟರ್ ನಂದೊಂದೇ, ಅವಳ ಫೋನೂ ಸದಾ ನನ್ನ ಕೈಲೇ, ಸರಿಮಾಡ್ಕೊಡ್ತೀನಿ ಅಂತ. ನನ್ನಿಂದ ಮುಚ್ಚಿಡೋಕೆ ಅವಳಿಗೆ ಆಫೀಸಿಗಿಂತ ಬೇರೆ ಜಾಗ ಇರ್ಲಿಲ್ಲ. ಆಫೀಸಲ್ಲಿ ಯಾರೂ ನೋಡಲ್ಲ ಅಂತ ಹೇಳಿದೋಳೂ ನಾನೇ.

ಬೆಳಗ್ಗೆ ಬಸ್ಸಲ್ಲಿ ಅವಳು ಎಂದಿನ ಹಾಗೆ ಎಡಗಡೆ ಕಿಟಕಿ ಸೀಟೇ ಹಿಡಿದ್ಲು. ನಾನು ಯಾವಾಗ್ಲೂ ಅವಳ ಬಲಕ್ಕೆ. ಎಷ್ಟು ತಿಂಗಳಿಂದ ಹೀಗೇ ಕೂರ್ತಿದ್ವಿ, ಯಾಕೆ ಅಂತ ಒಂದಿನ ಕೇಳಿರ್ಲಿಲ್ಲ. ಎರಡು ಸ್ಟಾಪ್ ಬಿಟ್ಟು ಹೇಳ್ದೆ. ಈ ಸಲ ಗಟ್ಟಿಯಾಗಿ, ಎಲ್ಲಾನೂ, ಹನ್ನೆರಡು ಟಿಕ್‌ನಿಂದ ಹಿಡಿದು ಪಟ್ಟಿ ತನಕ.

ಅವಳು ಬ್ಯಾಗಿನ ಹಿಡಿ ಹಿಡ್ಕೊಂಡು ಕೇಳಿಸ್ಕೊಂಡ್ಲು. ಆಮೇಲೆ, "ನಾನು ಕೇಳಿದ್ದೆ ಅಲ್ವೇನೇ ನಿನ್ನ?"

"ಹೂಂ."

"ಜೋರಾಗಿ ಓದಿದ್ಯಾ?"

"ಹೂಂ."

"ಪಾಸ್ ಆಗೋದು ಹೇಗೆ ಅನ್ನೋದೂನಾ?"

ನಾನು ತಲೆ ಆಡಿಸಿದೆ. ಅವಳು ಕಿಟಕಿ ಕಡೆ ತಿರುಗಿದ್ಲು. ಹೊರಗೆ ಒಬ್ಬ ಅಂಗಡಿ ಷಟರ್ ಎತ್ತುತ್ತಾ ಇದ್ದ.

"ನಾನು ಚಪ್ಪಾಳೆ ತಟ್ಟಿದೆ" ಅಂದ್ಲು.

ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು.

ಆಮೇಲೆ ಅವಳೇ ಹೇಳಿದ್ಲು, ಕಿಟಕಿಗೆ ಹೇಳೋ ಹಾಗೆ. ಗುರುವಾರ ಕಿವಿ ಮಷೀನ್ ಬರುತ್ತಂತೆ. ಆ ರಿಪೋರ್ಟ್ ಕಳಿಸಿದ್ದು ಅದನ್ನ ಅಳತೆಗೆ ಮಾಡೋಕೆ. "ಹಾಕ್ಕೊಂಡು, ಒಂದು ವಾರ ರೂಢಿ ಮಾಡ್ಕೊಂಡು, ನಾನೇ ಹೋಗಿ ಹೇಳೋಣ ಅಂತಿದ್ದೆ. ಸರ್, ಹೀಗಾಗಿತ್ತು, ಈಗ ಸರಿಹೋಗಿದೆ, ಬೇಕಾದ್ರೆ ಪರೀಕ್ಷೆ ಮಾಡಿ ಅಂತ. ಆ ಪಾಸಾಗೋ ಹುಚ್ಚೆಲ್ಲ ಮೊದಮೊದಲು ಹೆದರಿಕೇಲಿ ಹುಡುಕಿದ್ದು." ಆಮೇಲೆ ನನ್ನ ಕಡೆ ತಿರುಗಿ, "ಪಟ್ಟಿ ಕೊಟ್ಬಿಡು. ನನ್ನ ಜೊತೆ ನಿನ್ನ ಕೆಲಸಕ್ಕೂ ಕಲ್ಲು ಬೀಳೋದು ಬೇಡ."

"ಕೊಡಲ್ಲ."

"ಈಗ ಮಾತ್ರ ಬಾಯಿ ಮುಚ್ಕೊಳ್ಳೋಕೆ ಬರುತ್ತಾ ನಿನಗೆ?" ಅಂದ್ಲು. ಅದೊಂದೇ ಕಟು ಮಾತು ಅವಳ ಬಾಯಿಂದ ಬಂದದ್ದು.

ಹತ್ತಕ್ಕೆ ಐದು ನಿಮಿಷ ಇದ್ದಾಗ ನಾನು ಮ್ಯಾನೇಜರ್ ರೂಮಿನ ಬಾಗಿಲಲ್ಲಿದ್ದೆ. ಹೇಳ್ಬೇಕಾದ ಮಾತನ್ನ ಮೆಟ್ಟಿಲ ಮೇಲೆ ಹತ್ತು ಸಲ ಹೇಳ್ಕೊಂಡಿದ್ದೆ: ಸರ್, ನೋಟಿಸ್‌ನಲ್ಲಿ ಹಾಕಿದ್ದಕ್ಕಿಂತ ಜಾಸ್ತಿ ತಗೊಂಡಿದ್ದು ನಾನು, ತಪ್ಪು ನಂದು, ಆ ಸಾಲುಗಳನ್ನ ಯಾರ ಮೇಲೂ ಬಳಸೋ ಹಾಗಿಲ್ಲ, ಪಟ್ಟಿ ಕೊಡಲ್ಲ, ನನ್ನ ತೆಗೆದುಹಾಕಿ. ಬಾಗಿಲು ತೆರೀತು. ಚಿಕ್ಕಮ್ಮ ಹೊರಗೆ ಬಂದ್ಲು. ನನ್ನ ಪಕ್ಕದಲ್ಲೇ ಹಾದು ತನ್ನ ಸೀಟಿಗೆ ಹೋಗಿ ಕೂತ್ಲು. ಆದ್ರೆ ಹೆಡ್‌ಸೆಟ್ ಹಾಕ್ಕೊಳ್ಳಲಿಲ್ಲ.

ನಾನು ಒಳಗೆ ಹೋಗಿ ಒಂದೇ ಉಸಿರಲ್ಲಿ ಎಲ್ಲಾ ಹೇಳ್ದೆ. ಸರ್ ಪೂರ್ತಿ ಕೇಳಿದ್ರು.

"ಪಟ್ಟಿ ಬೇಡ ಬಿಡಮ್ಮ. ಅವ್ರೇ ಎಲ್ಲಾ ಹೇಳಿದ್ರು. ಟಿಕ್ ವಿಷಯ ಸೀನಿಯರ್ ಹತ್ರ ಮಾತಾಡ್ಕೋ." ಆಮೇಲೆ ಕಾಗದ ಎಳ್ಕೊಳ್ತಾ, "ಅಂದ ಹಾಗೆ, ಡೆಮೊ ಚೆನ್ನಾಗಿತ್ತು" ಅಂದ್ರು.

ನನ್ನ ಧೈರ್ಯಕ್ಕೆ ಗಿರಾಕೀನೇ ಇರ್ಲಿಲ್ಲ.

ಚಿಕ್ಕಮ್ಮನ್ನ ಫೋನಿಂದ ಎಬ್ಬಿಸಿ ಬರವಣಿಗೆ ದೂರುಗಳ ಮೇಜಿಗೆ ಹಾಕಿದ್ರು, ಸ್ಟೋರ್ ರೂಮಿನ ಪಕ್ಕ, ಮೂವತ್ತಮೂರನೇ ಸೀಟು. ಈ ಸಲದ ಪರೀಕ್ಷೆ ಬೇಡ, ಮುಂದಿನ ವರ್ಷದ್ದು ನೋಡ್ಕೊಂಡು ಫೋನ್ ವಿಚಾರ ಅಂದ್ರಂತೆ. ಗುರುವಾರ ಮಷೀನ್ ಬಂತು, ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು. ಮೊದಲನೇ ದಿನ ಅವಳು ಪ್ಲಾಸ್ಟಿಕ್ ಕವರ್ ಸದ್ದಿಗೂ ಬೆಚ್ಚಿಬೀಳ್ತಿದ್ಲು. ಟಿವಿ ಸೌಂಡು ಇಳೀತು. ಮೆಕ್ಯಾನಿಕ್‌ಗಳು ಈಗ ಕೆಟ್ಟ ಮಷೀನ್‌ಗಳ ಸದ್ದನ್ನ ತಮ್ಮ ಫೋನಲ್ಲಿ ಹಿಡ್ಕೊಂಡು ಸ್ಟೋರ್ ಪಕ್ಕ ಬಂದು ಅವಳಿಗೆ ಕೇಳಿಸ್ತಾರೆ. ಅವಳು ಹೇಳಿದ್ದು ಮತ್ತೆ ಸರಿ ಬರ್ತಿದೆ. ಆದ್ರೆ "ಆ ನಿಧಾನವಾಗಿ ಮಾತಾಡ್ತಾರಲ್ಲ ಅವ್ರು" ಅಂತ ಯಾರಾದ್ರೂ ಫೋನ್ ಮಾಡಿ ಕೇಳಿದ್ರೆ, ಹದಿನೈದನೇ ಸೀಟಿನ ಅಕ್ಕ "ಅವ್ರು ಈಗ ಫೋನಲ್ಲಿಲ್ಲ" ಅಂತಾರೆ. ಅನ್ನುವಾಗ ನನ್ನ ಕಡೆ ನೋಡ್ತಾರೆ. ನನ್ನ ಜೊತೆ ಅವರು ತಮಾಷೆ ಮಾಡೋದು ನಿಲ್ಲಿಸಿದ್ದಾರೆ. ಯಾರೂ ಮಾಡಲ್ಲ. ನಾನು ಹತ್ರ ಹೋದ್ರೆ ಪರದೆ ಮೇಲಿರೋ ಪುಟ ಬದಲಾಗುತ್ತೆ.

ಏನೇನು ಬಕೆಟ್‌ಗೆ ಹೋಗುತ್ತೆ, ಏನು ಹೋಗಲ್ಲ, ಎಷ್ಟು ದಿನ ಇರುತ್ತೆ, ಯಾರು ನೋಡ್ಬಹುದು ಅಂತ ಒಂದು ಪುಟ ಬರೆದು ನೀರಿನ ಫಿಲ್ಟರ್ ಮೇಲೆ ಅಂಟಿಸಿದೆ. ಹಳದಿ ಸ್ಟಿಕ್ಕರ್‌ಗಳನ್ನೆಲ್ಲ ಕೆರೆದು ತೆಗೆದೆ. ವಾಚ್‌ಮನ್‌ಗೆ ಈಗ ಸೀಟ್ ನಂಬರೂ ಕಾಣಲ್ಲ. ಬೇಕಾದ್ರೆ ಸೀನಿಯರ್, ಮ್ಯಾನೇಜರ್ ಇಬ್ರೂ ಸೇರಿ ತೆಗೀಬೇಕು. ಇದನ್ನೆಲ್ಲ ಮೊದಲೇ ಮಾಡ್ಬಹುದಿತ್ತು. ಒಂದು ಮಧ್ಯಾಹ್ನದ ಕೆಲಸ.

ಚಿಕ್ಕಮ್ಮ ನನ್ನ ಮೇಲೆ ಮುನಿಸ್ಕೊಳ್ಳಲಿಲ್ಲ. ಊಟ ಹಾಕ್ತಾಳೆ, ಗಿರಗಿಟ್ಲೆ ಅಂತಾಳೆ. ಆದ್ರೆ ನನ್ನ ಕೆಲಸದ ಬಗ್ಗೆ ಒಂದು ಮಾತು ಕೇಳೋದು ಬಿಟ್ಲು. ಮೊದಲು ದಿನಾ ಕೇಳ್ತಿದ್ಲು, ಅರ್ಥ ಆಗದಿದ್ರೂ. ನಾನು ಹೇಳ್ತಿದ್ದೆ, ಅವಳು ಹೂಂಗುಟ್ತಿದ್ಲು. ಈಗ ಆ ಹೊತ್ತಲ್ಲಿ ನಾವಿಬ್ರೂ ಟಿವಿ ನೋಡ್ತೀವಿ.

ನಾನು ಕ್ಯಾಲೆಂಡರ್ ಮೇಲೆ ಒಂದು ದಿನಕ್ಕೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟಿದ್ದೆ, ಯಾರಿಗೂ ಕಾಣದ ಹಾಗೆ. ಅವಳಿಗೆ ಕಂಡಿತ್ತು. ಆ ದಿನ ಸಂಜೆ ಅವಳು ಒಣಗಿದ ಬಟ್ಟೆ ತಂದು ಮಂಚದ ಮೇಲೆ ಸುರಿದು, ಮಡಿಸೋಕೆ ಕೂತ್ಲು.

"ಇವತ್ತೇನಾ ತೊಂಬತ್ತು?"

ಮೂರು ತಿಂಗಳಲ್ಲಿ ಮೊದಲನೇ ಪ್ರಶ್ನೆ. ನಾನು ಬಾಗಿಲ ಹತ್ರ ನಿಂತಿದ್ದೆ.

"ಹೂಂ. ಬೆಳಗ್ಗೆ ನೋಡ್ದೆ. ಕೊನೇ ದಿನದ್ದೂ ಬಕೆಟ್‌ನಿಂದ ಹೋಯ್ತು."

"ನಂದು ಎಲ್ಲಾ ಹೋಯ್ತಾ?"

ಅದೇ ಹೂವಿನ ದಿಂಬಿನ ಕವರು ಕೈಲಿತ್ತು. ಈ ಸಲ ಅವಳು ನನ್ನ ಮುಖ ನೋಡ್ತಾ ಕೇಳಿದ್ಲು. ಹೂಂ ಅಂದುಬಿಟ್ಟಿದ್ರೆ ಅಲ್ಲಿಗೆ ಮುಗೀತಿತ್ತು. ಅವಳಿಗೆ ನಿದ್ದೆ ಬರ್ತಿತ್ತು, ನನಗೂ ಬರ್ತಿತ್ತು. ಯಾರಿಗೂ ಗೊತ್ತಾಗ್ತಿರ್ಲಿಲ್ಲ.

"ಇಲ್ಲ" ಅಂದೆ. ಪಿಸುಗುಟ್ಟಿದಷ್ಟು ಮೆಲ್ಲಗೆ ಬಂತು ಮಾತು. "ಬಕೆಟ್‌ನಲ್ಲಿದ್ದದ್ದು ಹೋಯ್ತು. ವಾಚ್‌ಮನ್ ಹತ್ರ ಅದ್ರದ್ದೇ ಒಂದು ಕಾಪಿ ಇರುತ್ತೆ. ಅದು ಒಂದು ವರ್ಷ. ಅಳಿಸಿ ಅಂತ ಆ ಪ್ಲಾಟ್‌ಫಾರ್ಮ್ ಕಂಪನಿಯೋರಿಗೆ ಮೂರು ಸಲ ಬರೆದಿದ್ದೀನಿ, ಆಗಲ್ಲ ಅಂತಿದ್ದಾರೆ. ಇನ್ನೂ ಬರೀತೀನಿ."

ಅವಳು ಕವರನ್ನ ಎರಡು ಮಡಿಕೆ ಮಾಡಿ, ಅಂಗೈಯಿಂದ ಒತ್ತಿ, ಇನ್ನೊಂದು ಮಡಿಕೆ ಮಾಡಿದ್ಲು. ನಾನು ನಿಂತಿದ್ದು ಅವಳ ಎಡಕ್ಕೆ, ಬಾಗಿಲಿಂದ ಮಂಚಕ್ಕೆ ಆರು ಹೆಜ್ಜೆ ದೂರ. ಕೇಳಿಸ್ಲಿಲ್ವೇನೋ ಅಂತ ಬಲಗಡೆಗೆ ಹೋಗಿ ಮತ್ತೆ ಜೋರಾಗಿ ಶುರು ಮಾಡ್ದೆ, "ಇಲ್ಲ ಚಿಕ್ಕಮ್ಮ, ವಾಚ್‌ಮನ್ ಹತ್ರ..."

"ಕೂಗ್ಬೇಡ್ವೇ, ಕೇಳಿಸ್ತು" ಅಂದ್ಲು. ಆಮೇಲೆ ಬಟ್ಟೆ ರಾಶಿಯಿಂದ ಒಂದು ಬೆಡ್‌ಶೀಟ್ ಎಳೆದು, ಅದರ ಒಂದು ತುದೀನ ನನ್ನ ಕಡೆ ಚಾಚಿದ್ಲು.